ಒಂದೇ ದಿಮ್ಮಿಯ ಲಾಟು

"ಹಾಗಾದ್ರೆ ನನ್ನ ಜಂಗಲ್ ಲಾಟಿಗೆ ತಳ್ತೀರಿ ಅನ್ನಿ" ಎಂದರು ಕೆರಿಯಪ್ಪ.

ನಾನು ಹಾಗೆ ಹೇಳಿರಲಿಲ್ಲ. 'ಬಗೆ ತಿಳಿದಿಲ್ಲ' ಎಂಬ ಗುಂಪಿಗೆ ನಿಮ್ಮ ಕಾಯಿಲೆ ಸೇರಬಹುದು ಎಂದಷ್ಟೇ ಹೇಳಿದ್ದೆ. ಹೇಳಿದ ಮೇಲೆ, ಅಷ್ಟನ್ನಾದರೂ ಯಾಕೆ ಹೇಳಿದೆನೋ ಅನಿಸಿತು.

ಅದು ೨೦೦೩ರ ಬೇಸಿಗೆ. ಶಿರಸಿ, ಸಿದ್ದಾಪುರ, ಯಲ್ಲಾಪುರ ಈ ಮೂರು ತಾಲ್ಲೂಕುಗಳಲ್ಲಿ ಲಿಂಫೋಮಾ, ಅಂದರೆ ದುಗ್ಧಗ್ರಂಥಿಯ ಕ್ಯಾನ್ಸರ್, ಯಾರಿಗೆಲ್ಲ ಬಂದಿದೆ, ಬಂದದ್ದು ಯಾವ ಬಗೆಯದು ಎಂದು ಒಂದು ಸಂಶೋಧನಾ ಸಂಸ್ಥೆ ಲೆಕ್ಕ ಮಾಡಿಸುತ್ತಿತ್ತು. ನಾನು ಅದರ ಕ್ಷೇತ್ರ ಸಹಾಯಕಿ. ಹಗಲು ಔಷಧದ ಅಂಗಡಿಯಲ್ಲಿ ನಿಂತು ಸಂಜೆ ಕಾಲೇಜಿನಲ್ಲಿ ಬಿ.ಎ. ಮುಗಿಸಿದ್ದ ನನಗೆ ಅದು ದೊಡ್ಡ ಕೆಲಸವೇ. ರೋಗದ ಬಗೆಯನ್ನು ನಿರ್ಧರಿಸುವುದು ನನ್ನ ಪಾಲಿನದಲ್ಲ. ಆಸ್ಪತ್ರೆಯ ವರದಿಯಲ್ಲಿ ಏನಿದೆಯೋ ಅದನ್ನು ತಪ್ಪಿಲ್ಲದೆ ಸಂಕೇತಕ್ಕೆ ಇಳಿಸಬೇಕು, ಅಷ್ಟೇ. ಕೆರಿಯಪ್ಪನವರ ವರದಿಯಲ್ಲಿ ಇದ್ದದ್ದು ಲಿಂಫೋಮಾ ಎಂಬ ಒಂದೇ ಪದ. ಆ ಪದದ ಅಡಿಯಲ್ಲಿ ಹತ್ತಾರು ಬಗೆಗಳಿವೆ. ಕೆಲವು ವರ್ಷಗಟ್ಟಲೆ ಸುಮ್ಮನೆ ಕೂತಿರುತ್ತವೆ, ಕೆಲವು ಒಂದು ಮಳೆಗಾಲ ಮುಗಿಯುವುದರೊಳಗೆ ಮನುಷ್ಯನನ್ನು ಮುಗಿಸುತ್ತವೆ. ಎಲ್ಲವನ್ನೂ ಒಂದೇ ಹೆಸರಿನಲ್ಲಿ ಕೂಡಿಸಿದರೆ, ಈ ಸೀಮೆಯಲ್ಲಿ ಯಾವುದು ಹೆಚ್ಚು, ಯಾಕೆ ಹೆಚ್ಚು ಎಂದು ಮುಂದೆ ಯಾರೂ ಕೇಳುವಂತೆಯೇ ಇರುವುದಿಲ್ಲ.

ಕೆರಿಯಪ್ಪ ಯಲ್ಲಾಪುರದ ಮರದ ಡಿಪೋದಲ್ಲಿ ವಾಚರ್ ಆಗಿದ್ದು ನಿವೃತ್ತರಾದವರು. ಕಾಡಿನಿಂದ ಲಾರಿಯಲ್ಲಿ ಬಂದ ದಿಮ್ಮಿಗಳನ್ನು ಜಾತಿ ನೋಡಿ ಬೇರೆ ಬೇರೆ ಒಟ್ಟುತ್ತಾರೆ. ಹರಾಜಿಗೆ ಇಟ್ಟ ಅಂಥ ಒಂದೊಂದು ರಾಶಿಯೂ ಒಂದು ಲಾಟು; ಕೊಳ್ಳುವವರು ಸವಾಲು, ಅಂದರೆ ಬೆಲೆ, ಕೂಗುವುದು ಅದಕ್ಕೆ. ಸಾಗವಾನಿಗೆ, ಮತ್ತಿಗೆ, ನಂದಿಗೆ, ಹೊನ್ನೆಗೆ ಬೇರೆ ಬೇರೆ ಲಾಟು. ಜಾತಿ ಹೇಳಲಾಗದ್ದು, ಹೇಳಿದರೂ ಬೆಲೆ ಬಾರದ್ದು ಎಲ್ಲ ಸೇರಿ ಜಂಗಲ್ ಲಾಟು.

"ಜಂಗಲ್ ಅಂದ್ರೆ ಜಾತಿ ಗೊತ್ತಾಗದೇ ಇದ್ದದ್ದಲ್ಲ ತಂಗಿ" ಎಂದರು ಅವರು. ತಲೆಯ ಕೂದಲು ಉದುರಿ, ಈಗ ಮತ್ತೆ ಮೆತ್ತಗೆ ಹುಟ್ಟುತ್ತಿತ್ತು. ಮಾತಾಡುವಾಗ ಕೈ ತಾನಾಗಿ ಕುತ್ತಿಗೆಯ ಗಾಯದ ಗೆರೆಗೆ ಹೋಗುತ್ತಿತ್ತು. "ಮಳೆ ಹೊಯ್ತಾ ಇರ್ತದೆ. ಕಾಲಿಗೆ ಉಂಬಳ ಹತ್ತಿ ರಕ್ತ ಹೀರ್ತಾ ಇರ್ತದೆ. ತೊಗಟೆ ಕೆತ್ತಿ ಮೂಸಿದ್ರೆ ಜಾತಿ ಗೊತ್ತಾಗ್ತದೆ. ಆದ್ರೆ ಕೆತ್ತೋರು ಯಾರು? ಜಂಗಲ್ ಅಂತ ಬರೆಸೂದು, ಮನೆಗೆ ಹೋಗೂದು."

"ಬೇರೆ ಯಾರೋ ಮಾಡಿದ್ರು ಅನ್ನೋ ಹಂಗೆ ಹೇಳ್ತಾರೆ" ಒಳಗಿನಿಂದ ಅವರ ಹೆಂಡತಿ ವೆಂಕಮ್ಮ ಹೇಳಿದರು. "ಇವ್ರೇ ಎಷ್ಟು ಮರದ ಜಾತಿ ಕೆಡಿಸಿದ್ರೋ ಕೇಳು. ಮಳೆಗಾಲದಾಗೆ ಐದು ಗಂಟೆ ಹೊಡೀತು ಅಂದ್ರೆ ಮನೇಲಿ ಹಾಜರು."

"ಹೌದೇ. ಮಾಡಿದ್ದಕ್ಕೇ ಗೊತ್ತು. ಈಗ ನನ್ನ ಮೇಲೆ ಯಾರೋ ಐದು ಗಂಟೆ ಹೊಡೆಸ್ತಾ ಇದಾರೆ."

ನಾನು ನಗಬೇಕೋ ಬೇಡವೋ ತಿಳಿಯದೆ ಕಾಗದ ಮಡಚಿದೆ. ಅವರ ಕಾಯಿಲೆಯ ಕಥೆಯೂ ಹಾಗೆಯೇ ಬಂದಿತ್ತು. ಕುತ್ತಿಗೆಯಲ್ಲಿ ಗಂಟು ಎದ್ದಾಗ ಊರಿನವರು ಗಂಡಮಾಲೆ ಎಂದರು. ಸೊಪ್ಪು ಅರೆದು ಕಟ್ಟಿಸಿಕೊಂಡದ್ದಾಯಿತು. ಆಮೇಲೆ ಒಬ್ಬರು ಕ್ಷಯ ಇರಬಹುದು ಎಂದು ಮಾತ್ರೆ ಕೊಟ್ಟರು. ಕೊನೆಗೆ ಹುಬ್ಬಳ್ಳಿಯಲ್ಲಿ ಗಂಟು ಕತ್ತರಿಸಿ ನೋಡಿದರು. ಲಿಂಫೋಮಾ ಎಂದು ಬರೆದು ಇಂಜೆಕ್ಷನ್ ಶುರುಮಾಡಿದರು. ಗಂಟು ಕರಗಿತು. ಅದು ಯಾವ ಬಗೆಯದೆಂದು ಯಾರೂ ಹೇಳಲಿಲ್ಲ, ಯಾರೂ ಕೇಳಲಿಲ್ಲ.

"ಮೊದ್ಲು ಗಂಡಮಾಲೆ ಅಂದ್ರು, ಅಲ್ಲ. ಆಮೇಲೆ ಟೀಬಿ ಅಂದ್ರು, ಅಲ್ಲ. ಈಗ ನೀವು ಬಂದು ಗೊತ್ತಿಲ್ಲ ಅಂತೀರಿ. ನನ್ನ ಕೊಲ್ಲೂಕೆ ಬಂದದ್ದರ ಹೆಸರು ನನಗೆ ಬೇಕು. ಅದನ್ನ ಬರೆದ ಮೇಲೇ ನೀವು ಲೆಕ್ಕ ಮುಗಿಸ್ಬೇಕು."

ಅದಕ್ಕೆ ದಾರಿ ಒಂದಿತ್ತು. ಕತ್ತರಿಸಿದ ಗಂಟಿನ ಚೂರನ್ನು ಪ್ರಯೋಗಾಲಯದವರು ಮೇಣದಲ್ಲಿ ಹುದುಗಿಸಿ ಇಟ್ಟಿರುತ್ತಾರೆ. ಅದರಿಂದ ತೆಳ್ಳಗೆ ಸೀಳಿ ಬೇರೆ ಬಣ್ಣ ಹಾಕಿ ನೋಡಿದರೆ ಬಗೆ ತಿಳಿಯುತ್ತದೆ. ದೊಡ್ಡ ಆಸ್ಪತ್ರೆಗೆ ಹೋಗಬೇಕಾದೀತೆಂದು ಆ ಮೇಣದ ತುಂಡನ್ನು ಮನೆಯವರ ಕೈಗೇ ಕೊಟ್ಟಿದ್ದರು.

"ಮೇಣದ ತುಂಡು ಇದ್ಯಾ ಅಕ್ಕ?" ಎಂದೆ.

"ಇಲ್ದೇ ಏನು? ಜೋಪಾನ ಮಾಡಿ ಇಟ್ಟಿದೀನಿ" ಎಂದು ವೆಂಕಮ್ಮ ಎದ್ದರು. ಅಡುಗೆ ಒಲೆಯ ಮೇಲೆ, ಹೊಗೆ ತಾಗುವ ಅಟ್ಟದಿಂದ, ಒಂದು ತಗಡಿನ ಡಬ್ಬಿ ಇಳಿಸಿ ತಂದರು. ಹೊರಗೆಲ್ಲ ಮಸಿ. ಮುಚ್ಚಳ ತೆಗೆದಾಗ ಮೊಗೆಕಾಯಿ ಬೀಜ ಕಂಡವು. ಅವು ಒಂದಕ್ಕೊಂದು ಅಂಟಿಕೊಂಡಿದ್ದವು. ಡಬ್ಬಿಯ ತಳದಲ್ಲಿ ಮೇಣ ಕರಗಿ ಹರಿದು ಮತ್ತೆ ಗಟ್ಟಿಯಾಗಿತ್ತು. ಮೇಣವನ್ನು ಹಿಡಿದಿದ್ದ, ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಜಾಳಿಗೆ ಪ್ಲಾಸ್ಟಿಕ್ ಚೌಕಟ್ಟು ಬೀಜಗಳ ನಡುವೆ ಓರೆಯಾಗಿ ನಿಂತಿತ್ತು.

ನನ್ನ ಮುಖ ನೋಡಿ ವೆಂಕಮ್ಮನ ದನಿ ಸಣ್ಣಗಾಯಿತು. "ಎಂತ ಆತು? ಮಳೆಗಾಲದಾಗೆ ಬೇರೆ ಕಡೆ ಇಟ್ರೆ ಬೂಷ್ಟು ಬರ್ತದೆ. ಬೀಜ ಇಡೂ ಜಾಗ ಇದು. ಇದಕ್ಕಿಂತ ಒಳ್ಳೇ ಜಾಗ ಈ ಮನೇಲಿ ಇಲ್ಲ."

"ಮೇಣ ಅಲ್ದನೇ, ಒಲೆ ಮೇಲೆ ಇಟ್ರೆ ಕರಗದೇ ಇರ್ತದಾ?" ಎಂದರು ಕೆರಿಯಪ್ಪ.

"ಡಾಕ್ಟ್ರು ಜೋಪಾನ ಅಂದ್ರು. ಒಲೆ ಮೇಲೆ ಇಡ್ಬೇಡಿ ಅಂದ್ರಾ?"

ಅಂದಿರಲಿಕ್ಕಿಲ್ಲ. ಹುಬ್ಬಳ್ಳಿಯಲ್ಲಿ ಯಾರಿಗೆ ತಾನೇ ಹಾಗೆ ಹೇಳಬೇಕೆಂದು ತೋಚೀತು? ನಮ್ಮ ಮನೆಯಲ್ಲೂ ಒಣಗಿರಬೇಕಾದದ್ದೆಲ್ಲ ಅಟ್ಟಕ್ಕೇ ಹೋಗುತ್ತದೆ. ನನ್ನ ಬಿ.ಎ. ಸರ್ಟಿಫಿಕೇಟು ಕೂಡ ಅಲ್ಲಿದೆ. ನಾನು ಡಬ್ಬಿಯನ್ನು ಬೀಜ ಸಮೇತ ಬಟ್ಟೆಯಲ್ಲಿ ಕಟ್ಟಿಕೊಂಡೆ.

"ಬೀಜ ವಾಪಸ್ ಕೊಡ್ತ್ಯಾ?" ಎಂದರು ವೆಂಕಮ್ಮ. ಕೆರಿಯಪ್ಪ ಅವರನ್ನೇ ನೋಡುತ್ತ ಕೂತರು.

ಶಿರಸಿಯ ಬಸ್ಸಿನಲ್ಲಿ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ಬಿಸಿಲು ಬಿದ್ದ ಕಡೆಯಿಂದ ಅದನ್ನು ಸೆರಗಿನಡಿಗೆ ಸರಿಸಿದೆ. ಕರಗುವುದೆಲ್ಲ ಕರಗಿ ಆಗಿದೆ, ಇನ್ನೇನು ಮುಚ್ಚುತ್ತೀಯ ಎಂದು ನನ್ನಷ್ಟಕ್ಕೇ ಅನಿಸಿದರೂ ಕೈ ತೆಗೆಯಲಿಲ್ಲ.

ನಮ್ಮ ಕಚೇರಿ ಬಸ್ ಸ್ಟ್ಯಾಂಡಿನ ಹಿಂದೆ, ಒಂದು ಪಾತ್ರೆ ಅಂಗಡಿಯ ಮಾಳಿಗೆಯಲ್ಲಿತ್ತು. ಯೋಜನೆಯನ್ನು ನೋಡಿಕೊಳ್ಳುತ್ತಿದ್ದವರು ಡಾಕ್ಟರ್ ತುಷಾರ. ಶಿರಸಿ ಕಡೆಯವರೇ, ನನಗಿಂತ ನಾಲ್ಕೈದು ವರ್ಷ ದೊಡ್ಡವರು. ಕೆಟ್ಟವರಲ್ಲ. ಮೇಲಿನವರು ಒತ್ತಿದಷ್ಟು ಕೆಳಗೆ ಒತ್ತುತ್ತಿದ್ದರು, ಅಷ್ಟೇ.

ಡಬ್ಬಿ ನೋಡಿ ಮೊದಲು ನಕ್ಕರು. "ಬಿತ್ತಿ ನೋಡಿ ಚೇತನಾ, ಒಳ್ಳೇ ಮೊಗೆಕಾಯಿ ಬಂದೀತು." ಆಮೇಲೆ ಕುರ್ಚಿಗೆ ಒರಗಿದರು. "ಇದರಿಂದ ಏನೂ ಆಗೂದಿಲ್ಲ. ಇವರಿಗೆ ದೊಡ್ಡ ಬಿ-ಕೋಶದ ಬಗೆ ಅಂತ ಹಾಕಿ."

"ವರದಿಯಲ್ಲಿ ಹಾಗಿಲ್ಲ ಸರ್."

"ಇಲ್ಲ, ಗೊತ್ತು. ಅರವತ್ತು ದಾಟಿದ ಗಂಡಸು, ಬೇಗ ಬೆಳೆದ ಗಂಟು. ಅಂಥವರಲ್ಲಿ ಹೆಚ್ಚಿನವರದ್ದು ಅದೇ. ಬಗೆ ತಿಳಿಯದ್ದು ಅಂತ ಇನ್ನೂ ಒಂದು ಹಾಕಿದ್ರೆ ಮೇಲಿನವರು ಇಡೀ ಕೆಲಸ ಕಳಪೆ ಅಂತಾರೆ. ಈಗಾಗಲೇ ಜಾಸ್ತಿ ಆಗಿವೆ."

ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಹೆಚ್ಚಿನವರದ್ದು ಅದೇ ಇರುತ್ತದೆ ಎಂದು ಸಂಕೇತಗಳ ಪುಸ್ತಕದ ಜೊತೆ ಕೊಟ್ಟ ಪಾಠದಲ್ಲೂ ಇತ್ತು. ನನಗೆ ಗೊತ್ತಿರುವುದು ಅವರಿಗೆ ಗೊತ್ತಿರುವುದರ ಒಂದು ಮೂಲೆಯಷ್ಟೂ ಇಲ್ಲ. ಆದರೂ ಪೆನ್ನು ಮುಟ್ಟಲಿಲ್ಲ.

"ನಾನು ಬರೆಯೂದಿಲ್ಲ ಸರ್."

"ಏನಂದ್ರಿ?"

"ಹೆಚ್ಚಿನವರದ್ದು ಅದೇ ಅಂತ ಕೆರಿಯಪ್ಪಣ್ಣನದ್ದೂ ಅದೇ ಅಂತ ಬರೆದ್ರೆ, ಆಮೇಲೆ ನಮ್ಮ ಲೆಕ್ಕ ನೋಡಿ ಹೆಚ್ಚಿನವರದ್ದು ಅದೇ ಅಂತಾರೆ. ನಾವು ಹಾಕಿದ್ದನ್ನ ನಾವೇ ಎಣಿಸಿದ ಹಾಗೆ ಆಗ್ತದೆ." ಇಷ್ಟು ಉದ್ದ ಮಾತು ಅವರ ಎದುರಿಗೆ ನಾನು ಆಡಿದ್ದು ಅದೇ ಮೊದಲು. ಸರಿಯಾಗಿ ಹೇಳಿದೆನೋ ಇಲ್ಲವೋ ಎಂದು ಮನಸ್ಸಿನಲ್ಲೇ ಮತ್ತೊಮ್ಮೆ ಹೇಳಿ ನೋಡಿಕೊಂಡೆ.

"ಹಾಗಾದ್ರೆ ಬಗೆ ತಿಳಿದಿಲ್ಲ ಅಂತಲೇ ಹಾಕಿ. ಅದಾದ್ರೂ ಸತ್ಯ ತಾನೇ?"

"ತಿಳಿಯೂಕೆ ನೋಡಿದ ಮೇಲೆ ಸತ್ಯ ಸರ್. ಹುಬ್ಬಳ್ಳಿಗೆ ಒಂದು ಪತ್ರ ಕೊಡಿ, ನಾನೇ ಒಯ್ತೀನಿ."

"ಬೀಜದ ಡಬ್ಬಿ ಕಳಿಸಿ ಪರೀಕ್ಷೆ ಮಾಡಿ ಅಂದ್ರೆ ನಗ್ತಾರೆ" ಎಂದು ಅವರು ಬೇರೆ ಕಡತ ಎಳೆದುಕೊಂಡರು. ಮಾತು ಅಲ್ಲಿಗೆ ನಿಂತಿತು. ಡಬ್ಬಿ ನನ್ನ ಮೇಜಿನ ಕೆಳಗೆ ಉಳಿಯಿತು. ಪಟ್ಟಿಯಲ್ಲಿ ಕೆರಿಯಪ್ಪನವರ ಕಾಯಿಲೆಯ ಬಗೆ ಬರೆಯುವ ಮನೆ ಖಾಲಿಯಾಗಿಯೇ ಇತ್ತು. ನನ್ನನ್ನು ಕೆಲಸದಿಂದ ತೆಗೆಯುತ್ತಾರೆಂದು ದಿನವೂ ಅನಿಸುತ್ತಿತ್ತು. ಸಿದ್ದಾಪುರದ ಕಡೆಯ ಕೆಲಸಕ್ಕೆ ಹೋಗಿ ಬಂದೆ, ಬನವಾಸಿಗೂ ಹೋಗಿ ಬಂದೆ. ಬಂದಾಗಲೆಲ್ಲ ಮೊದಲು ಬಗ್ಗಿ ಡಬ್ಬಿ ಇದೆಯೇ ಎಂದು ನೋಡುತ್ತಿದ್ದೆ.

ಮುಂದಿನ ವಾರ ಕೆರಿಯಪ್ಪನವರೇ ಬಂದರು. ಮೆಟ್ಟಿಲು ಹತ್ತಿದ ದಣಿವಿಗೆ ಬೆಂಚಿನ ಮೇಲೆ ಕೂತು, ಟೊಪ್ಪಿಗೆ ತೆಗೆದು ಮೊಣಕಾಲ ಮೇಲೆ ಇಟ್ಟರು. ವೆಂಕಮ್ಮ ಹಿಂದೆ ಚೀಲ ಹಿಡಿದು ನಿಂತಿದ್ದರು.

"ನನ್ನ ಹೆಸರು ಸಿಕ್ತಾ ಕೇಳೂಕೆ ಬಂದೆ" ಎಂದರು ತುಷಾರ ಅವರಿಗೆ.

ತುಷಾರ ಮರ್ಯಾದೆಯಿಂದಲೇ ಎಲ್ಲ ವಿವರಿಸಿದರು. ಮೇಣ ಕರಗಿದೆ. ಹೆಚ್ಚಿನವರದ್ದು ಇಂಥ ಬಗೆ. ಮೂರು ತಾಲ್ಲೂಕಿನ ಲೆಕ್ಕದಲ್ಲಿ ಒಬ್ಬರದ್ದು ಹಿಂದೆ ಮುಂದೆ ಆದರೆ ಏನೂ ವ್ಯತ್ಯಾಸವಾಗುವುದಿಲ್ಲ.

ಕೆರಿಯಪ್ಪ ತಲೆಯಾಡಿಸುತ್ತ ಕೇಳಿದರು. ಆಮೇಲೆ, "ಡಾಕ್ಟ್ರೇ, ನೀವು ಹೆಗಡೇರಲ್ಲವಾ?" ಎಂದರು.

"ಅಲ್ಲ, ಭಟ್ಟ."

"ಹೌದಾ? ಈ ಬದಿಗೆ ಡಾಕ್ಟ್ರು ಅಂದ್ರೆ ಹೆಚ್ಚಿನವರು ಹೆಗಡೇರೇ. ನಾನು ಕೇಳದೇ ಹೆಗಡೇರು ಅಂತ ಬರೆಸಿದ್ರೆ?"

ವೆಂಕಮ್ಮ ಸೆರಗು ಬಾಯಿಗೆ ಒತ್ತಿಕೊಂಡರು. ತುಷಾರ ಅವರಿಗೂ ನಗು ಬಂತು. ತಡೆದುಕೊಂಡರು.

"ಬರೆಸಿದ್ರೆ ನಮ್ಮ ಅಪ್ಪಯ್ಯನಿಗೆ ಸಿಟ್ಟು ಬರ್ತಿತ್ತು. ಆದ್ರೆ ಕೆರಿಯಪ್ಪನವರೇ, ಒಂದು ಮಾತು. ಕೆತ್ತಿ ನೋಡಿದ್ರೆ ಒಳ್ಳೇದೇ ಸಿಗ್ತದೆ ಅಂತ ಇಲ್ಲ."

"ಗೊತ್ತದೆ."

"ಈಗ ಆರಾಮ ಇದ್ದೀರಿ. ಸುಮ್ಮನೆ ಮನಸ್ಸು ಕೆಡಿಸಿಕೊಳ್ಳೂದು ಯಾಕೆ?"

"ಮನಸ್ಸು ಕೆಟ್ಟದ್ದು ಈ ತಂಗಿ ಗೊತ್ತಿಲ್ಲ ಅಂದಾಗ. ಅದಕ್ಕಿಂತ ಕೆಡೂಕೆ ಜಾಗ ಇಲ್ಲ. ನೀವು ಪತ್ರ ಕೊಡಿ. ಕೊಡೂವರೆಗೆ ನಾನು ಇಲ್ಲೇ. ಇವಳು ಬುತ್ತಿ ತಂದಿದಾಳೆ."

ವೆಂಕಮ್ಮ ಚೀಲವನ್ನು ಬೆಂಚಿನ ಮೇಲೆ ಇಟ್ಟರು. ನಿಜವಾಗಿಯೂ ಬುತ್ತಿಯೇ ಇತ್ತು.

ತುಷಾರ ಫೋನು ಎತ್ತಿದರು. ಅವರ ಸಂಬಂಧಿ ಡಾಕ್ಟರ್ ಶ್ರೀಲಕ್ಷ್ಮಿ ಹುಬ್ಬಳ್ಳಿಯ ಒಂದು ಪ್ರಯೋಗಾಲಯದಲ್ಲಿದ್ದರು. ನಮ್ಮೊಡನೆ ಆಡುವ ಕನ್ನಡ ಬಿಟ್ಟು ಅವರೊಡನೆ ಮನೆಯ ಹವ್ಯಕ ಮಾತಿಗೆ ಇಳಿದರು. "ಅಕ್ಕಯ್ಯ, ಆನು ತುಷಾರ. ಒಂದು ಮೇಣದ ಬ್ಲಾಕ್ ಇದ್ದು. ಮೇಣ ಎಲ್ಲ ಕರಗಿ ಹೋಯ್ದು. ಒಲೆ ಅಟ್ಟದ ಮೇಲೆ ಇಟ್ಟಿದ್ದ್ವಡ. ಮೊಗೆಕಾಯಿ ಬೀಜ ಬೇರೆ ಸೇರಿದ್ದು. ಎಂತ ಮಾಡವು ಹೇಳಿ ಗೊತ್ತಾಗ್ತಾ ಇಲ್ಲೆ."

ಆ ಕಡೆಯ ಹೆಂಗಸಿನ ದನಿ ಜೋರು. ನಮಗೂ ಕೇಳಿಸಿತು. "ಕರಗಿದ್ರೆ ಎಂತಾತೋ? ಮೇಣ ಕರಗಿಸದೇ ನಂಗ ಚೂರು ಹುದುಗಿಸ್ತ್ವನಾ? ಚೂರು ಸುಟ್ಟಿದ್ದಿಲ್ಲೆ ಅಲ್ದಾ? ನಂಬರ್ ಕಾಣ್ತಾ ನೋಡು. ಕಂಡ್ರೆ ಕಳಿಸು."

ನಾನು ಡಬ್ಬಿ ತೆಗೆದು ಕಿಟಕಿಗೆ ಹಿಡಿದೆ. ಚೌಕಟ್ಟಿನ ಅಂಚಿನಲ್ಲಿ ಪೆನ್ಸಿಲಿನ ನಂಬರು, ಮಸಿಯಡಿಯಲ್ಲಿ ಸಣ್ಣಗೆ, ಇತ್ತು. ವರದಿಯ ನಂಬರೇ. ಚೌಕಟ್ಟಿನ ಜಾಳಿಗೆಗೆ ಕಚ್ಚಿಕೊಂಡು, ಒಣಗಿದ ಮಾವಿನ ಸಿಪ್ಪೆಯಂಥ ಒಂದು ಚೂರು ಉಳಿದಿತ್ತು. ತುಷಾರ ಅವರೂ ಎದ್ದು ಬಂದು ನೋಡಿದರು. ಪತ್ರ ಬರೆದು ಸಹಿ ಹಾಕಿ, ಬೆಂಚಿನ ಕಡೆ ಹಿಡಿದು ಅಂದರು: "ತಗೊಳ್ಳಿ. ಬುತ್ತಿ ಮಾತ್ರ ಇಲ್ಲೇ ಬಿಚ್ಚಿ, ಮಜ್ಜಿಗೆ ತರಿಸ್ತೀನಿ."

ಪತ್ರ, ಡಬ್ಬಿ ಎರಡನ್ನೂ ಹುಬ್ಬಳ್ಳಿಗೆ ನಾನೇ ಒಯ್ದೆ. ಶ್ರೀಲಕ್ಷ್ಮಿಯವರು ಬೀಜಗಳನ್ನು ಇಕ್ಕಳದಲ್ಲಿ ಒಂದೊಂದಾಗಿ ತೆಗೆದು ಕಾಗದದಲ್ಲಿ ಕಟ್ಟಿ ನನಗೇ ಕೊಟ್ಟರು. "ಚೂರು ಸಣ್ಣದು. ಪ್ರಯತ್ನ ಮಾಡ್ತೇನೆ, ಏನೂ ಸಿಗದೇ ಇರಬಹುದು. ಸಿಗದಿದ್ರೆ ಸಿಗಲಿಲ್ಲ ಅಂತ ಬರೆದು ಕೊಡ್ತೇನೆ. ಆಗ ಜಗಳ ಮಾಡೂಕೆ ಬರಬಾರದು" ಎಂದರು. ನಾನು ಬರುವುದಿಲ್ಲ ಎಂದೆ. ಕೆರಿಯಪ್ಪನವರ ಪರವಾಗಿ ಮಾತು ಕೊಡಲಿಲ್ಲ.

ಫಲಿತಾಂಶ ತಿಳಿಯಲು ಅವರಿಬ್ಬರ ಜೊತೆ ನಾನೂ ಹುಬ್ಬಳ್ಳಿಗೆ ಹೋದೆ. ಬಾ ಎಂದು ವೆಂಕಮ್ಮ ಕರೆದಿದ್ದರು. ಶ್ರೀಲಕ್ಷ್ಮಿಯವರು ಸುತ್ತಿ ಬಳಸಿ ಹೇಳಲಿಲ್ಲ.

"ಇದು ಬಿ-ಕೋಶದ್ದಲ್ಲ, ಟಿ-ಕೋಶದ್ದು. ನಮ್ಮಲ್ಲಿ ಕಡಿಮೆ. ನಿಮಗೆ ಕೊಟ್ಟ ಇಂಜೆಕ್ಷನ್ನೇ ಇದಕ್ಕೂ ಕೊಡೂದು, ಆ ಲೆಕ್ಕದಲ್ಲಿ ತಪ್ಪಾಗಿಲ್ಲ. ಆದ್ರೆ ಇದು ಮರಳಿ ಬರೂದು ಜಾಸ್ತಿ. ಇನ್ನು ಮೇಲೆ ನೀವು ಆರಾಮ ಇದ್ರೂ ಬಂದು ತೋರಿಸ್ತಾ ಇರ್ಬೇಕು. ನಿಮ್ಮ ಡಾಕ್ಟ್ರಿಗೆ ನಾನೂ ಬರೀತೇನೆ."

ವೆಂಕಮ್ಮ ನನ್ನ ಮಣಿಕಟ್ಟು ಹಿಡಿದರು. "ಅಂದ್ರೆ ಆ ಇನ್ನೊಂದಕ್ಕಿಂತ ಹಾಳಾ ಇದು?"

"ಹೌದು" ಎಂದರು ಶ್ರೀಲಕ್ಷ್ಮಿ.

ಅಲ್ಲಿಂದ ಹೊರಗೆ ಬಂದು ಬಸ್ಸಿಗೆ ಕಾಯುತ್ತ ನಿಂತೆವು. ನಾನು ಪತ್ರಕ್ಕಾಗಿ ಹಟ ಹಿಡಿಯದಿದ್ದರೆ ಈ ಮುದುಕರು ಇವತ್ತು ಮನೆಯ ಮುಂದೆ ಕೂತು ಎಲೆ ಅಡಿಕೆಯ ಕವಳ ಹಾಕುತ್ತಿದ್ದರು ಎಂದು ಯೋಚಿಸುತ್ತಿದ್ದೆ. ಏನಾದರೂ ಹೇಳಬೇಕೆಂದು ಬಾಯಿ ತೆರೆದೆ.

"ಸುಮ್ನಿರು ತಂಗಿ" ಎಂದರು ಕೆರಿಯಪ್ಪ. "ಆಯಮ್ಮ ಎಂತ ಅಂತು? ಟೀ ಅಂತಲ್ಲ?"

"ಹೌದು. ಟಿ."

"ಡಿಪೋದಾಗೆ ದಿಮ್ಮಿ ಮೇಲೆ ಟೀ ಅಂತ ಬರೆದ್ರೆ ಎಂತ ಗೊತ್ತಾ? ಟೀಕು, ಸಾಗವಾನಿ." ಅವರು ವೆಂಕಮ್ಮನ ಕಡೆ ತಿರುಗಿದರು. "ಕೇಳ್ತಾ ಇದ್ಯನೇ? ನಿನ್ನ ಗಂಡ ಸಾಗವಾನಿ."

"ಸಾಗವಾನಿ ಅಂತೆ. ಒಳಗೆಲ್ಲ ಗೆದ್ದಲು" ಎಂದು ವೆಂಕಮ್ಮ ಅತ್ತರು. ಅಳುತ್ತಲೇ ಚೀಲದಿಂದ ನೀರಿನ ಬಾಟಲಿ ತೆಗೆದು ಗಂಡನ ಕೈಗೆ ಕೊಟ್ಟರು.

ಯಲ್ಲಾಪುರಕ್ಕೆ ಇಳಿದಾಗ ಬಸ್ ಸ್ಟ್ಯಾಂಡಿನಲ್ಲಿ ಪರಿಚಯದವರು ಸಿಕ್ಕರು. ಹುಬ್ಬಳ್ಳಿಗೆ ಹೋಗಿದ್ರಾ, ಎಂತ ಅಂದ್ರು ಎಂದು ಕೇಳಿದರು. "ಟೀ ಅಂದ್ರು" ಎಂದು ಕೆರಿಯಪ್ಪ ಎಲ್ಲರಿಗೂ ಕೇಳುವ ಹಾಗೆ ಹೇಳಿದರು. "ಕುಡಿಯೂದಲ್ಲ. ಈ ತಂಗಿ ಲೆಕ್ಕದಾಗೆ ಮೂರು ತಾಲ್ಲೂಕಿಗೂ ನನ್ನ ಜಾತೀದು ನಾನೊಬ್ನೇ."

ಕೆಲಸ ಅಲ್ಲಿಗೆ ಮುಗಿಯಲಿಲ್ಲ. ಮೇಲೆ ಕಳಿಸುವ ಪಟ್ಟಿಯನ್ನು ಸಿದ್ಧಮಾಡಿ ತುಷಾರ ಅವರ ಮುಂದಿಟ್ಟಾಗ ಅವರು ಒಂದು ಸಾಲಿನ ಮೇಲೆ ಬೆರಳಿಟ್ಟರು. "ಟಿ-ಕೋಶದ್ದು, ಒಂದು. ಒಂದಕ್ಕೆ ಒಂದು ಸಾಲಾ? ಇದನ್ನ 'ಇತರೆ'ಯಲ್ಲಿ ಸೇರಿಸಿ."

ಇತರೆ. ಬಾಗಿಲು ಬೇರೆ, ಮನೆ ಅದೇ. ಕೂತೇ ಉತ್ತರ ಕೊಡಬೇಕೆಂದಿದ್ದೆ, ಆದರೆ ಎದ್ದು ನಿಂತಿದ್ದೆ.

"ಸೇರಿಸೂದಿಲ್ಲ ಸರ್. ಇಷ್ಟು ದಿನ ಇದ್ದದ್ದು ಜಂಗಲ್. ಅದರಿಂದ ತೆಗೆದು ಇನ್ನೊಂದು ಜಂಗಲ್‌ಗೆ ಹಾಕೂಕೆ ನಾನು ಹುಬ್ಬಳ್ಳಿಗೆ ಹೋಗಲಿಲ್ಲ. ಮುಂದೆ ಯಾರಾದ್ರೂ ಟಿ-ಕೋಶದ್ದು ಈ ಕಡೆ ಇತ್ತಾ ಅಂತ ಹುಡುಕಿದ್ರೆ ಸಿಗಬೇಕು."

"ನಿಮ್ಮ ಹಟದ ಮಾತಲ್ಲ ಚೇತನಾ, ಕೇಳಿ. ಒಂದೇ ಇದ್ರೆ ಅದು ಯಾರು ಅಂತ ಊರಿನವರಿಗೆ ಗೊತ್ತಾಗಿಬಿಡ್ತದೆ. ರೋಗಿಯ ಗುಟ್ಟು ಕಾಯೂದು ನಮ್ಮ ಕರ್ತವ್ಯ."

ಅದು ನನಗೆ ಹೊಳೆದಿರಲಿಲ್ಲ. ಅವರು ಹೇಳಿದ್ದು ಸರಿಯೇ. ಹೇಳುವುದಕ್ಕೆ ನನ್ನ ಹತ್ತಿರ ಇದ್ದದ್ದು ಒಂದೇ.

"ಸರ್, ಅವರು ಯಲ್ಲಾಪುರ ಬಸ್ ಸ್ಟ್ಯಾಂಡಿನಲ್ಲಿ ನಿಂತು ಎಲ್ಲರಿಗೂ ಹೇಳಿ ಆಗಿದೆ. ಬೇಕಾದ್ರೆ ಬರಹದಲ್ಲೇ ಒಪ್ಪಿಗೆ ತರ್ತೀನಿ."

ತುಷಾರ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಹೇಳಿರ್ತಾರೆ" ಎಂದರು. "ಕೆರಿಯಪ್ಪನವರು ಹೇಳದೇ ಬಿಟ್ಟಾರಾ? ಒಪ್ಪಿಗೆ ತನ್ನಿ. ಮೇಲಿನವರು ಕೇಳಿದ್ರೆ ನಾನು ಹೇಳ್ತೀನಿ. ಆದ್ರೆ ಈ ಸಾಲು ತೆಗೆಯಿರಿ ಅಂದ್ರೆ?"

"ತೆಗೆದವರು ಸಹಿ ಹಾಕಲಿ ಸರ್. ನಾನು ಹಾಕೂದಿಲ್ಲ."

ಅವರು ನನ್ನನ್ನು ನೋಡಿದರು. ಬೈಯಲಿಲ್ಲ. ಆ ಸಾಲನ್ನು ಹಾಗೇ ಬಿಟ್ಟು ಮುಂದಿನ ಪುಟ ತಿರುಗಿಸಿದರು.

ಒಪ್ಪಿಗೆಗೆ ಯಲ್ಲಾಪುರಕ್ಕೆ ಹೋದಾಗ ಬೀಜದ ಪೊಟ್ಟಣವನ್ನೂ ಒಯ್ದೆ. ವೆಂಕಮ್ಮ ಅದನ್ನು ಬಿಚ್ಚಿ, ಅಂಗೈಯಲ್ಲಿ ಹರಡಿ, ಮೇಣ ಅಂಟಿದವನ್ನು ಉಗುರಿನಿಂದ ಕೆರೆಯುತ್ತ ಕೂತರು. ಕೆರಿಯಪ್ಪ ಜಗುಲಿಯ ಕಂಬಕ್ಕೆ ಒರಗಿ, ಕಾಗದ ಓದಿಸಿ ಕೇಳಿ, ದೊಡ್ಡ ಅಕ್ಷರದಲ್ಲಿ ಸಹಿ ಹಾಕಿದರು. ಕುತ್ತಿಗೆಯ ಇನ್ನೊಂದು ಬದಿಗೆ ಸಣ್ಣಗೆ ಏನೋ ಎದ್ದ ಹಾಗಿತ್ತು. ನಾನು ನೋಡಿದ್ದನ್ನು ಅವರು ನೋಡಿದರು.

"ಹೌದು, ಬಂದದೆ. ನಾಳೆ ಹುಬ್ಬಳ್ಳಿ" ಎಂದರು. "ಬೇರೆ ಲಾಟು ಮಾಡಿದ್ರಾ ನನಗೆ?"

"ಮಾಡಿದೀವಿ."

"ಎಷ್ಟು ದಿಮ್ಮಿ?"

"ಒಂದೇ."

ಅವರು ಟೊಪ್ಪಿಗೆ ಹಾಕಿಕೊಂಡು, ರಸ್ತೆಯಾಚೆಯ ಡಿಪೋದ ಬೇಲಿಯ ಕಡೆ ನೋಡಿದರು.

"ಸಾಕು. ಇನ್ನು ಹರಾಜಿಗೆ ಬರ್ಲಿ. ಯಾರು ಸವಾಲು ಕೂಗ್ತಾರೋ ನೋಡ್ತೀನಿ."